ಬಿಸಿಲಿಗೆ ಬೆಲೆ ಕಟ್ಟಿದವರು ಯಾರು?

ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಅಗೆದರೂ ಸಿಗೋದು ಕಲ್ಲು. ಮಧುಗಿರಿಯಲ್ಲಿ ಆ ಕಲ್ಲು ಏಕಶಿಲಾ ಬೆಟ್ಟವಾಗಿ ಮೇಲೆದ್ದು ನಿಂತಿದೆ. ಪಾವಗಡದಲ್ಲಿ ಅದು ಬೋರ್‌ವೆಲ್ ಕೊರೆಯುವ ರಿಗ್ಗಿನ ಬಾಯಿಂದ ಬಿಳಿ ಧೂಳಾಗಿ ಬರುತ್ತದೆ, ನೀರು ಮಾತ್ರ ಬರಲ್ಲ. ಶಿರಾ, ಕೊರಟಗೆರೆಗಳ ಕಥೆಯೂ ಬಹಳ ಬೇರೆಯಲ್ಲ. ಇಲ್ಲಿ ಪೆಟ್ರೋಲಿನ ಬಾವಿ ಇಲ್ಲ, ಗ್ಯಾಸಿನ ಬಾವಿಯೂ ಇಲ್ಲ. ಕರ್ನಾಟಕಕ್ಕೆ ಸಿಗುವ ಎಣ್ಣೆಯೆಲ್ಲ ಹೊರಗಿನದೇ. ಮಂಗಳೂರಿನಲ್ಲಿ ಅದನ್ನು ಶುದ್ಧ ಮಾಡ್ತಾರೆ, ಉಡುಪಿಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ತುಂಬಿಸಿಡ್ತಾರೆ. ಅಷ್ಟೆ.

ಆದರೂ ದೊಡ್ಡ ದೊಡ್ಡ ಇಂಧನ ಕಂಪನಿಗಳ ಆಸ್ತಿ ಪಟ್ಟಿಯಲ್ಲಿ ಪಾವಗಡದ ಹೆಸರಿದೆ. ಫಿನ್‌ಲೆಂಡಿನವರು ಬರೆದುಕೊಂಡರು, ಜಪಾನಿನವರು ಬರೆದುಕೊಂಡರು, ಅಹಮದಾಬಾದಿನವರು ಬರೆದುಕೊಂಡಿದ್ದಾರೆ. ಈ ಆಸ್ತಿಗೆ ಬೆಲೆ ಕಟ್ಟಿಸಿ, ಕೈಯಿಂದ ಕೈಗೆ ದಾಟಿಸಿದ್ದೂ ಆಯ್ತು. ತಿರುಮಣಿಯ ಹೊಲದ ಬದುವಿನ ಮೇಲೆ ನಿಂತ ರೈತನಿಗೆ ಮಾತ್ರ ತನ್ನ ಹೊಲ ಯಾವ ಲೆಕ್ಕದಲ್ಲಿ ಎಷ್ಟಕ್ಕೆ ಬೆಲೆಬಾಳಿತು ಅನ್ನೋದು ಗೊತ್ತಿಲ್ಲ. ಕೇಳೋಣವೆಂದರೆ ಯಾರನ್ನು ಕೇಳಬೇಕು ಅನ್ನೋದೂ ಗೊತ್ತಿಲ್ಲ.

ಪಾರ್ಕು ವಿಸ್ತರಿಸುವ ಮಾತು ಸರ್ಕಾರದವರ ಬಾಯಲ್ಲಿ ಹಲವು ಸಲ ಬಂದಿದೆ. ಪಾರ್ಕಿನ ಹೊರಗೂ ಒಣಭೂಮಿ ಇರುವ ಕಡೆಯೆಲ್ಲ ಸೋಲಾರಿನ ಮಾತಿದೆ. ಈ ಹೊತ್ತಿನಲ್ಲಿ ಬೆಲೆ ಕಟ್ಟುವ ವಿದ್ಯೆ ಏನು ಅನ್ನೋದನ್ನು ರೈತ ತಿಳಿದುಕೊಳ್ಳದೆ ಸಹಿ ಹಾಕಿದರೆ ಮುಂದೆ ಮೊಮ್ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಹುಣಸೆ ಮರದ ಲೆಕ್ಕ

ಎಣ್ಣೆ ಬಾವಿಗೆ ಬೆಲೆ ಕಟ್ಟೋದು ಬ್ರಹ್ಮವಿದ್ಯೆಯೇನಲ್ಲ. ಶಿರಾ, ಮಧುಗಿರಿ ಕಡೆ ಹುಣಸೆ ಮರ ಗುತ್ತಿಗೆ ಹಿಡಿಯುವವನಿಗೆ ಅದು ಚೆನ್ನಾಗಿ ಗೊತ್ತು. ಅವನು ಮರದ ಸುತ್ತ ಒಂದು ಸುತ್ತು ಹಾಕಿ ಕೊಂಬೆ ಕೊಂಬೆ ನೋಡ್ತಾನೆ. ಕಾಯಿ ಎಷ್ಟು ಇಳಿಯಬಹುದು, ಸಂತೆಯಲ್ಲಿ ಧಾರಣೆ ಏನಿರಬಹುದು, ಬಡಿಯುವವರಿಗೆ ಆರಿಸುವವರಿಗೆ ಕೂಲಿ ಎಷ್ಟು, ಮರ ಇನ್ನೆಷ್ಟು ವರ್ಷ ಫಲ ಕೊಟ್ಟೀತು ಎಂದು ಮನಸ್ಸಿನಲ್ಲೇ ಗುಣಿಸಿ ಕಳೆದು ಒಂದು ಮೊತ್ತ ಹೇಳ್ತಾನೆ. ಮರದ ಯಜಮಾನನೂ ಸುಮ್ಮನಿರುವವನಲ್ಲ. ಅವನೂ ಅದೇ ಮರದ ಕೆಳಗೆ ಹುಟ್ಟಿ ಬೆಳೆದವನು, ಹೋದ ವರ್ಷ ಎಷ್ಟು ಇಳಿದಿತ್ತು ಅಂತ ಅವನಿಗೂ ಗೊತ್ತು. ಆದ್ದರಿಂದ ಚೌಕಾಸಿ ನಡೆಯುತ್ತೆ.

ಎಣ್ಣೆ, ಗ್ಯಾಸಿನ ಕಂಪನಿಯ ಆಸ್ತಿ ಅಳೆಯುವವರು ಮಾಡೋದೂ ಇದೇ. ನೆಲದೊಳಗೆ ಎಷ್ಟಿದೆ, ಅದರಲ್ಲಿ ಎಷ್ಟನ್ನು ಖಂಡಿತ ಮೇಲೆ ತೆಗೆಯಬಹುದು, ವರ್ಷದಿಂದ ವರ್ಷಕ್ಕೆ ಬಾವಿ ಎಷ್ಟು ಬತ್ತುತ್ತದೆ ಎಂದು ಮೊದಲು ನೋಡ್ತಾರೆ. ಆಮೇಲೆ ಮಾರುವ ದರ, ತೆಗೆಯುವ ಖರ್ಚು, ಸರ್ಕಾರಕ್ಕೆ ಕಟ್ಟುವ ರಾಯಲ್ಟಿ. ಕೊನೆಗೆ, ಬಾವಿ ಬತ್ತಿದ ಮೇಲೆ ಅದಕ್ಕೆ ಬಿರಡೆ ಬಡಿದು ನೆಲವನ್ನು ಮೊದಲಿನ ಹಾಗೆ ಮಾಡಿ ಹೋಗುವ ಖರ್ಚು. ಇದೆಲ್ಲ ಕಳೆದು ಉಳಿದದ್ದನ್ನು ಈವತ್ತಿನ ಹಣಕ್ಕೆ ಇಳಿಸ್ತಾರೆ. ಹತ್ತು ವರ್ಷದ ಮೇಲೆ ಬರುವ ನೂರು ರೂಪಾಯಿಗೆ ಈವತ್ತು ಯಾರೂ ನೂರು ಕೊಡಲ್ಲ. ಚೀಟಿ ಹಾಕುವ ಹೆಂಗಸರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮೊದಲ ತಿಂಗಳೇ ಚೀಟಿ ಕೂಗಿದವರ ಕೈಗೆ ಪೂರ್ತಿ ಹಣ ಬರಲ್ಲ ಅನ್ನೋದು ಅವರಿಗೆ ಗೊತ್ತು.

ಸೋಲಾರಿನದೂ ಇದೇ ಲೆಕ್ಕ. ಒಂದೇ ವ್ಯತ್ಯಾಸ, ಈ ಬಾವಿ ಬತ್ತುವುದಿಲ್ಲ. ಗಾಜಿನ ಫಲಕ ವರ್ಷಕ್ಕೆ ಅರ್ಧ ಪರ್ಸೆಂಟಿನಷ್ಟೋ ಸ್ವಲ್ಪ ಹೆಚ್ಚೋ ಮಂಕಾಗಬಹುದು. ಸೂರ್ಯ ಮಂಕಾಗಲ್ಲ. ಹುಟ್ಟಿದ ಕರೆಂಟನ್ನು 25 ವರ್ಷ ಇಂಥ ದರಕ್ಕೆ ಕೊಳ್ಳುತ್ತೇವೆ ಎಂಬ ಕರಾರೂ ಮೊದಲೇ ಆಗಿರುತ್ತದೆ. ಎಣ್ಣೆ ಬಾವಿಯವನಿಗೆ ನಾಳಿನ ಧಾರಣೆ ಗೊತ್ತಿಲ್ಲ. ಸೋಲಾರಿನವನಿಗೆ 25 ವರ್ಷದ ಧಾರಣೆ ಕಾಗದದ ಮೇಲೆ ಬರೆದಿದೆ. ಹುಣಸೆ ಮರದ ಗುತ್ತಿಗೆದಾರನಿಗೆ ಇಂಥ ಅದೃಷ್ಟ ಏಳು ಜನ್ಮಕ್ಕೂ ಸಿಗಲಾರದು.

ಪಾವಗಡದಲ್ಲಿ ಆದದ್ದು

2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆ ಹುಟ್ಟಿತು. ಕೇಂದ್ರದ ಸೋಲಾರ್ ಎನರ್ಜಿ ಕಾರ್ಪೊರೇಷನ್ ಮತ್ತು ರಾಜ್ಯದ ಕ್ರೆಡಲ್ ಇದರ ಪಾಲುದಾರರು. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿ ಕಡೆಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ ಪಾರ್ಕು ಎದ್ದಿತು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೊದಲ ಹಂತ ಉದ್ಘಾಟಿಸಿ 'ಶಕ್ತಿಸ್ಥಳ' ಎಂದು ಹೆಸರಿಟ್ಟರು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಸಿದ್ಧವಾಯಿತು.

ಜಮೀನನ್ನು ಕಿತ್ತುಕೊಳ್ಳಲಿಲ್ಲ. ಇದನ್ನು ಒಪ್ಪಿ ಹೇಳಲೇಬೇಕು. 28 ವರ್ಷಕ್ಕೆ ಗುತ್ತಿಗೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಕಡ್ಲೆಕಾಯಿ ಬಿತ್ತಿ ಬೀಜದ ದುಡ್ಡೂ ಬಾರದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಸೀಮೆಗೆ ಇದು ಸಣ್ಣ ಮಾತಲ್ಲ. ಮೂರು ಕಡೆ ಆಂಧ್ರ ಸುತ್ತುಗಟ್ಟಿ, ಮಳೆ ಕೈಕೊಟ್ಟು, ಬೋರಿನಲ್ಲಿ ಬರುವ ನೀರೂ ಫ್ಲೋರೈಡ್ ಆಗಿ, ಶನಿಮಹಾತ್ಮನೇ ಬಂದು ನೆಲೆ ನಿಂತ ಊರು ಎಂದು ಜನ ತಮಾಷೆ ಮಾಡಿಕೊಳ್ಳುವ ತಾಲ್ಲೂಕು ಅದು. ಅಲ್ಲಿ ಮಳೆ ಬರಲಿ ಬಿಡಲಿ ಎಕರೆಗೆ 21 ಸಾವಿರ ಅಂದರೆ ಯಾರು ಬೇಡ ಅಂತಾರೆ? ಐದು ಎಕರೆ ಇದ್ದವನಿಗೆ ವರ್ಷಕ್ಕೆ ಲಕ್ಷ ದಾಟಿತು. ಸಾಲ ತೀರಿಸಿದವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ.

ಹಾಗಾದರೆ ತಕರಾರು ಏನು? ಬೆಲೆ ಕಟ್ಟಿದ ರೀತಿಯದೇ ತಕರಾರು. ಹೊಲಕ್ಕೆ ಬೆಲೆ ಕಟ್ಟುವಾಗ ಕಡ್ಲೆಕಾಯಿ ಎಷ್ಟು ಬೆಳೆಯುತ್ತಿತ್ತು ಎಂದು ನೋಡಿದರು. ಕಂಪನಿ ಬೆಲೆ ಕಟ್ಟುವಾಗ ಬಿಸಿಲು ಎಷ್ಟು ಬೀಳುತ್ತದೆ ಎಂದು ನೋಡಿದರು. ಒಂದೇ ನೆಲಕ್ಕೆ ಎರಡು ತಕ್ಕಡಿ ಆಯಿತು.

ಎಂಟು ಪೈಸೆಯ ಹೊಲ

ಒಂದು ಒರಟು ಲೆಕ್ಕ ಹಾಕಿ ನೋಡಬಹುದು. 13 ಸಾವಿರ ಎಕರೆಯನ್ನು 2,050 ಮೆಗಾವ್ಯಾಟಿಗೆ ಭಾಗಿಸಿದರೆ ಮೆಗಾವ್ಯಾಟಿಗೆ ಆರು ಎಕರೆ ಚಿಲ್ಲರೆ. ರಾತ್ರಿ, ಮೋಡ, ಧೂಳು ಎಲ್ಲ ಕಳೆದು ಯಂತ್ರ ತನ್ನ ಶಕ್ತಿಯ ಐದನೇ ಒಂದು ಪಾಲು ಮಾತ್ರ ಕೆಲಸ ಮಾಡುತ್ತೆ ಅಂತ ಹಿಡಿದರೂ ಒಂದು ಮೆಗಾವ್ಯಾಟಿಗೆ ವರ್ಷಕ್ಕೆ ಹದಿನೇಳೂವರೆ ಲಕ್ಷ ಯೂನಿಟ್. ಅಂದರೆ ಎಕರೆಗೆ ಸುಮಾರು 2 ಲಕ್ಷ 75 ಸಾವಿರ ಯೂನಿಟ್. ರೈತನ 21 ಸಾವಿರವನ್ನು ಇದಕ್ಕೆ ಹಂಚಿದರೆ ಯೂನಿಟ್ಟಿಗೆ ಬೀಳೋದು ಏಳೆಂಟು ಪೈಸೆ.

2016ರಲ್ಲಿ ಎನ್.ಟಿ.ಪಿ.ಸಿ. ಕರೆದ ಹರಾಜಿನಲ್ಲಿ ಪಾವಗಡದ ಕರೆಂಟಿಗೆ ನಿಂತ ದರ ಯೂನಿಟ್ಟಿಗೆ 4 ರೂಪಾಯಿ 79 ಪೈಸೆಯ ಆಸುಪಾಸು. 2018ಕ್ಕೆ ದರ ಇಳಿಯಿತು. ಫಿನ್‌ಲೆಂಡಿನ ಫೋರ್ಟಮ್ ಕಂಪನಿ 250 ಮೆಗಾವ್ಯಾಟನ್ನು 2 ರೂಪಾಯಿ 85 ಪೈಸೆಗೆ ಹಿಡಿಯಿತು. ಕಡಿಮೆ ದರವನ್ನೇ ತೆಗೆದುಕೊಳ್ಳಿ. ಎಕರೆಗೆ ವರ್ಷಕ್ಕೆ ಏಳೂಮುಕ್ಕಾಲು ಲಕ್ಷ ರೂಪಾಯಿಯ ಕರೆಂಟು. ಅದರಲ್ಲಿ ನೆಲದ ಯಜಮಾನನ ಪಾಲು ನೂರಕ್ಕೆ ಮೂರು ರೂಪಾಯಿಯೂ ಇಲ್ಲ.

ಕಂಪನಿಯವರ ಮಾತನ್ನೂ ಕೇಳಬೇಕು. ಉಳಿದ 97 ರೂಪಾಯಿ ಅವರ ಜೇಬಿಗೆ ಹೋಗಲ್ಲ. ಫಲಕ ತಂದದ್ದು, ಕಂಬಿ ನೆಟ್ಟದ್ದು, ಬ್ಯಾಂಕಿನ ಸಾಲ, ಬಡ್ಡಿ, ಪಾರ್ಕಿನ ಶುಲ್ಕ ಎಲ್ಲ ಅದರಲ್ಲೇ ಆಗಬೇಕು. ದರ 25 ವರ್ಷ ಏರುವುದಿಲ್ಲ ಅನ್ನೋದೂ ನಿಜವೇ. ಆದರೆ ಸಾಲಕ್ಕೆ ಕೊನೆ ಇದೆ, ಬಿಸಿಲಿಗೆ ಬಿಲ್ಲಿಲ್ಲ. ಸಾಲ ತೀರಿದ ಮೇಲಿನ ವರ್ಷಗಳೇ ಕೊಬ್ಬಿನ ವರ್ಷಗಳು.

ರೈತನ ಕಡೆ ನೋಡಿದರೆ ಇದು ತಲೆಕೆಳಗು. ಎರಡು ವರ್ಷಕ್ಕೆ 5 ಪರ್ಸೆಂಟ್ ಅಂದರೆ ವರ್ಷಕ್ಕೆ ಎರಡೂವರೆ. ಆ ಪ್ರಕಾರ ಕೊನೆಯ ಎರಡು ವರ್ಷ ಎಕರೆಗೆ ಸುಮಾರು 39,600 ರೂಪಾಯಿ ಬರುತ್ತದೆ. ಕೇಳೋದಕ್ಕೆ ಚೆಂದ. ಸಾಮಾನಿನ ಬೆಲೆ ವರ್ಷಕ್ಕೆ 5 ಪರ್ಸೆಂಟಿನಂತೆ ಏರುತ್ತಾ ಹೋದರೆ, 28ನೇ ವರ್ಷದ ಆ 39,600ಕ್ಕೆ ಸಿಗೋದು ಮೊದಲ ವರ್ಷ 10,600ಕ್ಕೆ ಸಿಗುತ್ತಿದ್ದಷ್ಟೇ ರಾಗಿ, ಅಷ್ಟೇ ಎಣ್ಣೆ, ಅಷ್ಟೇ ಬಟ್ಟೆ. ಬಾಡಿಗೆ ಕಾಗದದ ಮೇಲೆ ಎರಡರಷ್ಟಾಗುತ್ತೆ, ಅಡುಗೆ ಮನೆಯಲ್ಲಿ ಅರ್ಧ ಆಗುತ್ತೆ. ಎಣ್ಣೆ ಬಾವಿಯೇ ಬತ್ತುತ್ತೆ ಅಂದುಕೊಂಡಿದ್ದವರು ನೋಡಲಿ. ಇಲ್ಲಿ ಬತ್ತುವುದು ಬಾಡಿಗೆ.

ಕೈ ಬದಲಾದ ಆಸ್ತಿ

ಇಷ್ಟರ ನಡುವೆ ಆಸ್ತಿಯ ಮಾರಾಟವೂ ನಡೆದಿದೆ. 2018ರಲ್ಲಿ ಫೋರ್ಟಮ್ ತನ್ನ 185 ಮೆಗಾವ್ಯಾಟ್ ಭಾರತೀಯ ಸೋಲಾರ್ ಆಸ್ತಿಯಲ್ಲಿ 54 ಪರ್ಸೆಂಟ್ ಪಾಲು ಮಾರಿತು. ಪಾವಗಡದ 100 ಮೆಗಾವ್ಯಾಟ್ ಅದರೊಳಗೇ ಇತ್ತು. ಕೊಂಡವರಲ್ಲಿ ಮುಖ್ಯರು ಬ್ರಿಟನ್ನಿನ ಬಂಡವಾಳದವರು. ಆಮೇಲೆ ಪಾವಗಡದ 250 ಮೆಗಾವ್ಯಾಟನ್ನೂ ಆ್ಯಕ್ಟಿಸ್ ಎಂಬ ಲಂಡನ್ನಿನ ಹೂಡಿಕೆ ಸಂಸ್ಥೆಗೆ ದಾಟಿಸಿತು. 2021ರಲ್ಲಿ ಅದಾನಿ ಗ್ರೀನ್, ಜಪಾನಿನ ಸಾಫ್ಟ್‌ಬ್ಯಾಂಕಿನ ಮುಖ್ಯ ಪಾಲಿದ್ದ ಎಸ್.ಬಿ. ಎನರ್ಜಿಯನ್ನು 350 ಕೋಟಿ ಡಾಲರಿನ ಬೆಲೆಗೆ ಕೊಂಡಿತು. ದೇಶದ ಹಲವು ಕಡೆಯ ಸುಮಾರು 5 ಸಾವಿರ ಮೆಗಾವ್ಯಾಟ್ ಆ ಗಂಟಿನಲ್ಲಿತ್ತು.

ಮಾರೋದು ತಪ್ಪಲ್ಲ, ವ್ಯಾಪಾರ ಅಂದಮೇಲೆ ಮಾರ್ತಾರೆ. ಪಾವಗಡದ ರೈತನಿಗೆ ಒಂದು ರಕ್ಷಣೆಯೂ ಇದೆ. ಅವನು ಗುತ್ತಿಗೆ ಬರೆದುಕೊಟ್ಟದ್ದು ಸರ್ಕಾರಿ ನಿಗಮಕ್ಕೆ, ಕಂಪನಿಗಲ್ಲ. ಕಂಪನಿ ಬದಲಾದರೂ ಬಾಡಿಗೆ ಕೊಡಬೇಕಾದವರು ಬದಲಾಗುವುದಿಲ್ಲ. ಆದರೆ ಮಧುಗಿರಿಯಲ್ಲೋ ಶಿರಾದಲ್ಲೋ ಕೊರಟಗೆರೆಯಲ್ಲೋ ದಲ್ಲಾಳಿ ತಂದ ಕಾಗದಕ್ಕೆ ನೇರವಾಗಿ ಸಹಿ ಹಾಕುವ ರೈತನಿಗೆ ಆ ರಕ್ಷಣೆ ಎಲ್ಲಿದೆ? ಈವತ್ತು ಬಂದ ಕಂಪನಿ ನಾಳೆ ಇನ್ನೊಬ್ಬನಿಗೆ ಮಾರಿ ಹೋದರೆ ಬಾಡಿಗೆಗೆ ಯಾರ ಮನೆ ಬಾಗಿಲು ಬಡಿಯಬೇಕು? ಇಂಗ್ಲಿಷಿನಲ್ಲಿರುವ ನಲವತ್ತು ಪುಟದ ಕರಾರಿನಲ್ಲಿ ಯಾವ ಪುಟದಲ್ಲಿ ಅದು ಬರೆದಿದೆ ಎಂದು ದಲ್ಲಾಳಿ ತೋರಿಸುತ್ತಾನೆಯೇ? "ಎಲ್ಲ ಸರಿಯಾಗಿದೆ ಕಣಣ್ಣ, ಹಾಕು ಸಹಿ" ಅನ್ನುವ ಮಾತನ್ನು ಈ ಸೀಮೆ ಮೊದಲ ಸಲ ಕೇಳ್ತಿಲ್ಲ.

ಗ್ಯಾಸಿನ ಕೊಳವೆಯ ಪಾಠ

ಗ್ಯಾಸಿನ ಬಾವಿ ಇಲ್ಲದಿದ್ದರೂ ಗ್ಯಾಸಿನ ಕೊಳವೆ ಈ ಜಿಲ್ಲೆಗೆ ಬಂದಿದೆ. ಮಹಾರಾಷ್ಟ್ರದ ದಾಭೋಲಿನಿಂದ ಬೆಂಗಳೂರಿನತ್ತ ಬಂದ ಗೇಲ್ ಕಂಪನಿಯ ಸಾವಿರ ಕಿಲೋಮೀಟರಿನ ಕೊಳವೆ ಮಾರ್ಗ 2013ರಲ್ಲಿ ಚಾಲನೆಗೆ ಬಂತು. ತುಮಕೂರು ಜಿಲ್ಲೆಯ ನೆಲದಡಿಯಲ್ಲೂ ಅದು ಹಾದಿದೆ. ಜಿಲ್ಲೆಯಲ್ಲಿ ಮನೆ ಮನೆಗೆ, ಕಾರ್ಖಾನೆಗೆ ಗ್ಯಾಸು ಹಂಚುವ ಪರವಾನಗಿಯನ್ನು 2015ರಲ್ಲಿ ಮೇಘಾ ಎಂಜಿನಿಯರಿಂಗ್ ಪಡೆಯಿತು.

ಕೊಳವೆ ಹಾಕುವಾಗ ಜಮೀನನ್ನು ಕೊಳ್ಳುವುದಿಲ್ಲ, ಬಾಡಿಗೆಗೂ ಪಡೆಯುವುದಿಲ್ಲ. 1962ರ ಕಾಯಿದೆ ಒಂದಿದೆ. ಅದರ ಪ್ರಕಾರ ನೆಲದಡಿ ಬಳಸುವ ಹಕ್ಕನ್ನು ಮಾತ್ರ ತೆಗೆದುಕೊಳ್ತಾರೆ. ಅದಕ್ಕೆ ಪ್ರತಿಯಾಗಿ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ 10 ಪರ್ಸೆಂಟ್, ಒಂದು ಸಲ. ಬೆಳೆ ಹಾಳಾದರೆ ಅದರ ನಷ್ಟ ಬೇರೆ. ಆಮೇಲೆ ರಾಗಿ ಬಿತ್ತಬಹುದು. ಆದರೆ ಕೊಳವೆಯ ಪಟ್ಟಿಯ ಮೇಲೆ ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಗ್ಯಾಸು ವರ್ಷಾನುಗಟ್ಟಲೆ ಹರಿಯುತ್ತೆ; ರೈತನಿಗೆ ಹರಿದದ್ದು ಒಂದೇ ದಿನ. ಕಂಪನಿಯ ಪುಸ್ತಕದಲ್ಲಿ ಆ ಕೊಳವೆ ನೂರಾರು ಕೋಟಿಯ ಆಸ್ತಿ. ಹೊಲದವನ ಪಾಲಿಗೆ ಅದು ತೆಂಗಿನ ಸಸಿ ನೆಡಲಾಗದ ಒಂದು ಗೆರೆ.

ಇದಕ್ಕೆ ಹೋಲಿಸಿದರೆ ಪಾವಗಡದ್ದು ಎಷ್ಟೋ ವಾಸಿ. ಆದರೆ ಕೆಟ್ಟದ್ದಕ್ಕೆ ಹೋಲಿಸಿ ವಾಸಿ ಅನ್ನೋದು ನ್ಯಾಯದ ತೂಕವಲ್ಲ. ಅಸ್ಸಾಮು, ಗುಜರಾತು, ರಾಜಸ್ಥಾನಗಳಲ್ಲಿ ನೆಲದಿಂದ ಎಣ್ಣೆ ತೆಗೆದರೆ ಆ ರಾಜ್ಯಗಳಿಗೆ ರಾಯಲ್ಟಿ ಸಿಗುತ್ತೆ. ಅದು ಎಣ್ಣೆಯ ಬೆಲೆಯ ಮೇಲಿನ ಪಾಲು. ಬೆಲೆ ಏರಿದರೆ ಪಾಲೂ ಏರುತ್ತೆ. ಬಿಸಿಲಿಗೆ ರಾಯಲ್ಟಿ ಇಲ್ಲ. ಸೂರ್ಯ ಯಾರಪ್ಪನ ಆಸ್ತಿಯೂ ಅಲ್ಲ ಸರಿ, ಆದರೆ ಆ ಸೂರ್ಯನನ್ನು ಹಿಡಿಯಲು ಬೇಕಾದ ನೆಲ ಒಂದು ಊರಿನದ್ದು.

ಪಹಣಿಯಲ್ಲಿ ಇಲ್ಲದವರು

ಇಷ್ಟೆಲ್ಲ ಪಹಣಿ ಇದ್ದವರ ಮಾತು. ಪಹಣಿ ಇಲ್ಲದವರ ಕಥೆ ಏನು? ಹೊಲ ಇದ್ದಾಗ ಕಳೆ ಕೀಳಲು, ಕಡ್ಲೆಕಾಯಿ ಬಿಡಿಸಲು ಹೋಗುತ್ತಿದ್ದ ಹೆಣ್ಣಾಳುಗಳಿದ್ದರು. ಇನ್ನೊಬ್ಬರ ಹೊಲವನ್ನು ವಾರಕ್ಕೆ ಮಾಡುತ್ತಿದ್ದವರಿದ್ದರು. ಸರ್ಕಾರಿ ಬೀಳಿನಲ್ಲಿ ತಲೆಮಾರಿನಿಂದ ಉತ್ತು ಬಿತ್ತಿ, ಸಾಗುವಳಿ ಚೀಟಿಗೆ ಅರ್ಜಿ ಹಾಕಿ ಕಾಯುವವರಿದ್ದಾರೆ. ಕುರಿ ಮಂದೆ ಅಟ್ಟಿಕೊಂಡು ಕೊಯ್ಲು ಮುಗಿದ ಹೊಲಗಳಲ್ಲಿ ಮೇಯಿಸುತ್ತಿದ್ದವರಿದ್ದರು. ಬೇಲಿ ಬಿದ್ದ ಮೇಲೆ ಕುರಿ ಎಲ್ಲಿಗೆ ಹೋಗಬೇಕು? ಬಾಡಿಗೆ ಬರೋದು ಪಹಣಿಯ ಒಂಬತ್ತನೇ ಕಾಲಮಿನಲ್ಲಿ ಹೆಸರಿದ್ದವರಿಗೆ. ಕೂಲಿಯವರ ಹೆಸರು ಯಾವ ಕಾಲಮಿನಲ್ಲೂ ಇಲ್ಲ.

ಪಾರ್ಕಿನಲ್ಲಿ ಕೆಲಸ ಇದೆ ಅಂತಾರೆ. ಇದೆ: ಗಾಜು ತೊಳೆಯೋದು, ಹುಲ್ಲು ಕುಯ್ಯೋದು, ಗೇಟಿನಲ್ಲಿ ಕಾವಲು ನಿಲ್ಲೋದು. ಕಟ್ಟುವಾಗ ನೂರಾರು ಕೈ ಬೇಕಿತ್ತು. ಕಟ್ಟಿ ಮುಗಿದ ಮೇಲೆ ಸೋಲಾರಿಗೆ ಕೈ ಬೇಕಾಗೋದು ಕಡಿಮೆ, ಅದೇ ಅದರ ಗುಣ. ಆಸ್ತಿ ಅಳೆಯುವವರ ಪುಸ್ತಕದಲ್ಲಿ ಕೂಲಿ ಕಡಿಮೆ ಇದ್ದಷ್ಟೂ ಆಸ್ತಿಗೆ ಬೆಲೆ ಜಾಸ್ತಿ. ಊರಿನ ಪುಸ್ತಕದಲ್ಲಿ ಇದು ಉಲ್ಟಾ.

28 ವರ್ಷದ ಮೇಲೆ

ಕೊನೆಯದೇ ದೊಡ್ಡ ಪ್ರಶ್ನೆ. ಪಾವಗಡದ ಗುತ್ತಿಗೆಗಳು ಮುಗಿಯೋದು 2040ರ ದಶಕದಲ್ಲಿ. ಆಗ ಬದುಗಳು ಇರುವುದಿಲ್ಲ, ಗಡಿಕಲ್ಲುಗಳು ಇರುವುದಿಲ್ಲ. ಯಾರ ಹೊಲ ಎಲ್ಲಿಂದ ಎಲ್ಲಿಗೆ ಅಂತ ಕಣ್ಣಳತೆಯಲ್ಲಿ ಹೇಳಬಲ್ಲ ಹಿರಿಯರೂ ಇರುವುದಿಲ್ಲ. ನೆಲದಲ್ಲಿ ಕಾಂಕ್ರೀಟು, ಕಂಬಿ, ಕೇಬಲ್ಲು. ಮೇಲೆ ಲಕ್ಷಗಟ್ಟಲೆ ಹಳೇ ಗಾಜು.

ಎಣ್ಣೆ ಕಂಪನಿಗೆ ಬೆಲೆ ಕಟ್ಟುವವರು ಈ ಕೊನೆಯ ಖರ್ಚನ್ನು ಮೊದಲ ದಿನವೇ ಕಳೆಯುತ್ತಾರೆ. ಭಾರತದಲ್ಲೇ 1999ರಿಂದ ಎಣ್ಣೆ ಕಂಪನಿಗಳಿಗೆ 'ಸೈಟ್ ರೆಸ್ಟೊರೇಷನ್ ಫಂಡ್' ಎಂಬ ಠೇವಣಿ ಯೋಜನೆ ಇದೆ. ಬಾವಿ ಮುಚ್ಚಿ ನೆಲ ಸರಿಮಾಡುವ ದಿನಕ್ಕೆ ಅಂತ ಮೊದಲೇ ಬ್ಯಾಂಕಿನಲ್ಲಿ ಹಣ ಇಡುವ ವ್ಯವಸ್ಥೆ ಅದು. ಸೋಲಾರಿನ ಹೊಲಕ್ಕೆ ಅಂಥ ಠೇವಣಿ ಏಕೆ ಬೇಡ? 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಫಲಕವನ್ನು ಸೇರಿಸಿದ್ದಾರೆ, ನಿಜ. ಆದರೆ 2034-35ರವರೆಗೆ ಹುಟ್ಟುವ ಹಳೇ ಫಲಕವನ್ನು ತಯಾರಕರು ಕೂಡಿಡಬೇಕು ಅನ್ನುತ್ತವೆ ಆ ನಿಯಮಗಳು. ಅವು ಗಾಜಿನ ಮಾತಾಡುತ್ತವೆ, ಗಾಜಿನ ಕೆಳಗಿನ ಹೊಲದ ಮಾತಾಡುವುದಿಲ್ಲ.

ಮಾಡಬೇಕಾದದ್ದು

ಸಂಬಂಧಪಟ್ಟವರು ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಒಂದು, ಪಾರ್ಕಿನಲ್ಲಿ ಎಕರೆಗೆ ಎಷ್ಟು ಯೂನಿಟ್ ಹುಟ್ಟಿತು, ಯಾವ ದರಕ್ಕೆ ಹೋಯಿತು, ಊರಿನ ಅಭಿವೃದ್ಧಿಗೆಂದು ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಬೇಕು. ಎರಡು, ಮುಂದೆ ಪಡೆಯುವ ಜಮೀನಿಗೆ ಬಾಡಿಗೆಯ ಜೊತೆಗೆ ಯೂನಿಟ್ಟಿಗೆ ಇಂತಿಷ್ಟು ಪೈಸೆ ಎಂದು ಗ್ರಾಮ ಪಂಚಾಯಿತಿಗೆ ಪಾಲು ಕಟ್ಟಬೇಕು. ಭೂಮಿ ಇಲ್ಲದವರಿಗೂ ಕುರಿಗಾರರಿಗೂ ಮೊದಲ ಹಕ್ಕು ಅದರಲ್ಲಿರಬೇಕು. ಮೂರು, ಬಾಡಿಗೆಯ ಏರಿಕೆ ಬೆಲೆ ಏರಿಕೆಗೆ ಸಮವಾಗಿರಬೇಕು. ನಾಲ್ಕು, ಹೊಲವನ್ನು ಹೊಲವಾಗಿ ಹಿಂದಿರುಗಿಸುವ ಖರ್ಚಿಗೆ ಈಗಲೇ ಠೇವಣಿ ಇಡಿಸಿ, ಪ್ರತಿ ಹೊಲದ ಚೆಕ್ಕುಬಂದಿಯ ನಕ್ಷೆಯನ್ನು ರೈತನ ಕೈಗೆ ಕೊಡಬೇಕು. ಐದು, ಖಾಸಗಿ ಗುತ್ತಿಗೆಯ ಕರಾರುಗಳು ಕನ್ನಡದಲ್ಲೇ ಇರಬೇಕು. ಸಹಿಗೆ ಮುಂಚೆ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಓದಿಸಿ ಹೇಳುವ ಏರ್ಪಾಡಾಗಬೇಕು.

ಇದೆಲ್ಲ ಆಗುವವರೆಗೆ ರೈತ ಮಾಡಬಹುದಾದ ಕೆಲಸವೂ ಒಂದಿದೆ. ಹುಣಸೆ ಮರ ಗುತ್ತಿಗೆ ಕೊಡುವಾಗ ಕೇಳುವ ಪ್ರಶ್ನೆಗಳನ್ನೇ ಹೊಲ ಗುತ್ತಿಗೆ ಕೊಡುವಾಗಲೂ ಕೇಳಬೇಕು. ಎಷ್ಟು ಇಳಿಯುತ್ತೆ, ಯಾವ ಧಾರಣೆಗೆ ಹೋಗುತ್ತೆ, ನನ್ನ ಪಾಲೆಷ್ಟು, ನೀನು ಮಾರಿ ಹೋದರೆ ಯಾರು ಕೊಡ್ತಾರೆ, ಕೊನೆಗೆ ಮರ ನಿಲ್ಲಿಸಿ ಹೋಗ್ತೀಯೋ ಬೊಡ್ಡೆ ಉಳಿಸಿ ಹೋಗ್ತೀಯೋ. ಉತ್ತರ ಕೊಡದವನಿಗೆ ಸಹಿ ಕೊಡಬಾರದು. ಅವಸರ ದಲ್ಲಾಳಿಗಿದೆ. ಬಿಸಿಲು ನಾಳೆಯೂ ಬರುತ್ತದೆ.